ಮಹಡಿಯ ಬಿಳಿ ಕಲ್ಲು

ಆಗಸ್ಟ್ 3, ಭಾನುವಾರ

ಆಫೀಸಿನಲ್ಲಿ ಕೊಟ್ಟ ಈ ಡೈರಿ ಹೊಸ ವರ್ಷದಿಂದ ಬೀರುವಿನಲ್ಲಿ ಖಾಲಿ ಬಿದ್ದಿತ್ತು. ಇವತ್ತು ತೆಗೆದಿದ್ದೇನೆ. ಬಾಯಿಬಿಟ್ಟು ಹೇಳಿದರೆ ವಿಶಾಲಾಕ್ಷಮ್ಮನಿಗೆ ಹೊಟ್ಟೆಕಿಚ್ಚು ಅನ್ನುತ್ತಾರೆ, ಹೇಳದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಅದಕ್ಕೆ ಬರೆದು ಮುಚ್ಚಿಡುತ್ತೇನೆ.

ಇವತ್ತು ಬಿಂದುಶ್ರೀ ಮಹಡಿಯ ಮನೆಯಲ್ಲಿ ಹಾಲು ಉಕ್ಕಿಸಿದಳು. ಬಿಂದು ನನ್ನ ಓರಗಿತ್ತಿ, ಮೈದುನ ಅನಿರುದ್ಧನ ಹೆಂಡತಿ. ಅವಳು ಮದುವೆಯಾಗಿ ಬಂದಾಗಿನಿಂದ ನಾವಿಬ್ಬರೂ ಈ ಕೆಳಗಿನ ಅಡುಗೆಮನೆಯಲ್ಲೇ ಬೇಯಿಸಿದವರು. ಒಲೆಯ ಮುಂದೆ ನಾನು, ಹೆಚ್ಚುವುದಕ್ಕೆ ರುಬ್ಬುವುದಕ್ಕೆ ಪಕ್ಕದಲ್ಲಿ ಅವಳು. ಮಹಡಿಯ ಬಾಡಿಗೆಯವರು ಖಾಲಿ ಮಾಡಿದ್ದೇ ತಡ, "ಅಕ್ಕ, ನಾವು ಮೇಲೆ ಇರ್ತೀವಿ" ಅಂದಳು. ಇರಲಿ, ಮಲಗುವುದಕ್ಕೆ ಜಾಗ ಸಾಲದು ಪಾಪ ಅಂದುಕೊಂಡೆ. ಒಲೆಯನ್ನೇ ಬೇರೆ ಮಾಡಿಕೊಳ್ಳುತ್ತಾಳೆ ಎಂದು ನನಗೇನು ಕನಸು ಬಿದ್ದಿತ್ತಾ?

ಇನ್ನು ಅವಳ ಆ ಅಡುಗೆ ಕಟ್ಟೆ! ಬಿಳಿ ಮಾರ್ಬಲ್. ಒಳಗೆ ಸಣ್ಣಸಣ್ಣ ಬೂದು ಗೆರೆಗಳು. ಕಿಟಕಿಯ ಬೆಳಕು ಬಿದ್ದರೆ ಕಣ್ಣು ಬೇರೆ ಕಡೆ ಹೋಗುವುದಿಲ್ಲ. ಬಂದ ನೆಂಟರೆಲ್ಲ ಗುಡಿಯಲ್ಲಿ ಸಾಲು ನಿಂತ ಹಾಗೆ ಒಬ್ಬೊಬ್ಬರಾಗಿ ಹೋಗಿ ಆ ಕಲ್ಲನ್ನು ಸವರಿ ಬಂದರು. ನಮ್ಮ ಯಜಮಾನರು ಮೂರ್ತಿಯವರೂ ಸವರಿದರು. ಕೆಳಗಿನ ಅಡುಗೆಮನೆಯ ಕಟ್ಟೆಯನ್ನು ಈ ಮನುಷ್ಯ ಒಂದು ದಿನ ಬಟ್ಟೆ ಹಿಡಿದು ಒರೆಸಿದ್ದು ನನಗೆ ನೆನಪಿಲ್ಲ.

ನನ್ನದು ಕಡಪ ಕಲ್ಲು. ಮಾವ ಆಂಜಿನಯ್ಯನವರು ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ, ಗವಿಪುರದ ಈ ಮನೆ ಕಟ್ಟಿಸಿದಾಗ ಹಾಕಿಸಿದ್ದು. ಕಪ್ಪು ಬಣ್ಣ ಹೋಗಿ ಬೂದಿಯಾಗಿದೆ. ಒಲೆಯ ಪಕ್ಕ ಎಣ್ಣೆ ಕುಡಿದು ಜಿಡ್ಡುಗಟ್ಟಿದೆ, ಅಂಚು ಒಂದು ಕಡೆ ಮುಕ್ಕಾಗಿದೆ. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಅತ್ತೆಯ ತಂಗಿ ಒಂದು ಮಾತು ಎಸೆದರು. "ಈ ಸಲ ಹಿರಿಯರ ಹಬ್ಬ ಮೇಲೇ ಮಾಡ್ಬಿಡ್ರವ್ವ. ಅಡುಗೆಮನೆ ಎಷ್ಟು ಲಕ್ಷಣವಾಗೈತೆ!"

ಹಿರಿಯರ ಹಬ್ಬ ಅಂದರೆ ಮಹಾಲಯ ಅಮಾವಾಸ್ಯೆ. ತೀರಿಕೊಂಡ ಮಾವನಿಗೆ ಎಡೆ ಇಡುವ ದಿನ, ಇಡೀ ಬಳಗ ಸೇರುವ ದಿನ. ಹಿರಿಸೊಸೆಯ ಒಲೆಯಲ್ಲಿ ಅಡುಗೆ, ಹಿರಿಸೊಸೆಯ ಕೈಯಿಂದ ಎಡೆ, ಇದು ಈ ಮನೆಯ ಪದ್ಧತಿ. ಮಿಕ್ಕ ದಿನ ನಾನು ಆಫೀಸಿಗೆ ಹೋಗಿ ಬರುವ ಹೆಂಗಸು ಅಷ್ಟೇ. ಆ ಒಂದು ದಿನ ಎಲ್ಲರೂ ನನ್ನ ಕೈ ನೋಡುತ್ತಾರೆ. ಅದನ್ನೂ ಮಹಡಿ ಹತ್ತಿಸುತ್ತಾರಂತೆ.

ಅತ್ತೆ ಬೇಡ ಅನ್ನಲಿಲ್ಲ. ಅಡಿಕೆ ಕಡಿಯುತ್ತಾ ಕೂತಿದ್ದರು.

ಆಗಸ್ಟ್ 5, ಮಂಗಳವಾರ

ಅತ್ತೆ ಬೆಳಗಿನ ಕಾಫಿ ಮೇಲೆ ಕುಡಿದು ಬಂದರು. "ಅಲ್ಲಿ ಗಾಳಿ ಬೆಳಕು ಚೆನ್ನಾಗೈತೆ ಕಣೆ ವಿಶಾಲೂ" ಅಂದರು. ಹಾಗಾದರೆ ಇಷ್ಟು ವರ್ಷ ಕೆಳಗೆ ಉಸಿರು ಬಿಗಿಹಿಡಿದುಕೊಂಡಿದ್ದರೇನೋ. ನಾನು ಮಾಡಿದ್ದ ಕಾಫಿಯನ್ನು ಸಿಂಕಿಗೆ ಚೆಲ್ಲಿದೆ.

ಆಗಸ್ಟ್ 10, ಭಾನುವಾರ

ವರಮಹಾಲಕ್ಷ್ಮಿಗೆ ಬಿಂದು ಅರಿಶಿನ ಕುಂಕುಮಕ್ಕೆ ಕರೆದಿದ್ದಳು. ಹೋಗಬಾರದು ಅಂದುಕೊಂಡೇ ಹೋಗಿದ್ದೆ. ಕಾಫಿ ಲೋಟವನ್ನು ಕಟ್ಟೆಯ ಮೇಲೆ ಇಡುವಷ್ಟರಲ್ಲಿ ಅವಳು ಅದರ ಕೆಳಗೆ ಒಂದು ಬಟ್ಟೆ ತೂರಿಸಿದಳು. ನಾನು ಕೈ ಊರಿ ನಿಂತರೆ, ಕೈ ತೆಗೆದ ಮೇಲೆ ಅಲ್ಲಿ ಒರೆಸಿದಳು. ನನ್ನ ಕೈಗೇನು ಕುಷ್ಠ ಹತ್ತಿದೆಯಾ?

"ಸೀಲರ್ ಹಾಕಿಸಿದೀವಿ ಅಕ್ಕ, ಆದ್ರೂ ಹುಷಾರಾಗಿರ್ಬೇಕಂತೆ" ಅಂದಳು. ಕಲ್ಲಿಗೆ ಮುಲಾಮು ಹಚ್ಚಿದ ಹಾಗೆ ಅದೇನೋ ಹಚ್ಚುತ್ತಾರಂತೆ, ಕಲೆ ಒಳಗೆ ಇಳಿಯದೆ ಇರಲಿ ಎಂದು.

ಮೂಲೆಯಲ್ಲಿ ಒಂದು ಬೆತ್ತದ ತಟ್ಟೆ, ಅದರ ಮೇಲೆ ಪುಟ್ಟ ಕುಂಡದಲ್ಲಿ ಮನಿ ಪ್ಲಾಂಟು. ಸಿನಿಮಾದಲ್ಲಿ ತೋರಿಸುವ ಅಡುಗೆಮನೆಯ ಹಾಗೆ. ಕಲ್ಲು ಪೂರ್ತಿ ಎಷ್ಟು ಉದ್ದ ಇದೆ ನೋಡೋಣ ಎಂದು ಆ ತಟ್ಟೆ ಸರಿಸುವುದಕ್ಕೆ ಹೋದೆ. "ಅಕ್ಕ, ಅದು ಅಲ್ಲೇ ಇರ್ಲಿ!" ಎಂದು ಹಾರಿ ಬಂದಳು. ಒಂದು ಗಿಡ ಮುಟ್ಟುವ ಯೋಗ್ಯತೆಯೂ ನನಗಿಲ್ಲ. ಕುಂಕುಮ ಇಟ್ಟುಕೊಂಡು ಬಂದುಬಿಟ್ಟೆ. ಕೊಟ್ಟ ಬ್ಲೌಸ್ ಪೀಸು ಮಾತ್ರ ಚೆನ್ನಾಗಿತ್ತು, ನನ್ನ ಹಸಿರು ಸೀರೆಗೆ ಸರಿಯಾಗಿ ಹೊಂದುತ್ತದೆ. ಅದೂ ಒಂದು ಸಂಕಟ.

ಆಗಸ್ಟ್ 17, ಭಾನುವಾರ

ಹೇಳಿಬಿಟ್ಟೆ. "ನಮ್ಮ ಅಡುಗೆ ಕಟ್ಟೆ ಬದಲಾಯಿಸ್ಬೇಕು. ಹಿರಿಯರ ಹಬ್ಬಕ್ಕೆ ಮುಂಚೆ."

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಅದಕ್ಕೇನಾಗಿದೆ?"

"ಏನಾಗಿಲ್ಲ ಕೇಳಿ. ಮೇಲೆ ಸವರಿ ಸವರಿ ಬಂದ್ರಲ್ಲ, ಆಗ ಗೊತ್ತಾಗ್ಲಿಲ್ವಾ?"

ಪೇಪರು ಮಡಚಿಟ್ಟು ಸ್ಕೂಟರ್ ತೆಗೆದರು. ಮೈಸೂರು ರಸ್ತೆಯಲ್ಲಿ ಲಕ್ಷ್ಮೀಶ ಅನ್ನುವವರ ಕಲ್ಲಿನ ಅಂಗಡಿಗೆ ಹೋದೆವು. ಆಳೆತ್ತರದ ಕಲ್ಲುಗಳನ್ನು ಸಾಲಾಗಿ ಒರಗಿಸಿದ್ದರು. ಲಕ್ಷ್ಮೀಶ ಬಾಯಿ ತುಂಬ ಮಾತಾಡುವ ಮನುಷ್ಯ.

"ಸಾರು ಮಾಡೋ ಮನೆಗೆ ಮಾರ್ಬಲ್ ಬೇಡ ಮೇಡಂ. ಗ್ರಾನೈಟ್ ಹಾಕ್ಸಿ, ಮರ್ತುಬಿಡಿ. ಬಿಸಿ ಪಾತ್ರೆ ಇಡಿ, ಕುಟ್ಟಿ, ಏನ್ ಬೇಕಾದ್ರೂ ಮಾಡಿ."

ಇವರಿಗೆ ತಕ್ಷಣ ಒಪ್ಪಿಗೆಯಾಯಿತು. ನನಗಾಗಲಿಲ್ಲ. ಕಪ್ಪು ಗ್ರಾನೈಟ್ ಹಾಕಿಸಿದರೆ ಯಾರು ಬಂದು ಸವರುತ್ತಾರೆ? ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅದೇ ಇದೆ. "ಬಿಳಿ ಯಾವ್ದಿದೆ ತೋರ್ಸಿ" ಅಂದೆ. ಕ್ವಾರ್ಟ್ಜ್ ಎಂದು ಒಂದನ್ನು ತೋರಿಸಿದರು. ಕಲ್ಲಿನ ಪುಡಿಗೆ ಅಂಟು ಸೇರಿಸಿ ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದಂತೆ. ಬಿಂದುವಿನ ಕಲ್ಲಿಗಿಂತ ಇದೇ ಬಿಳಿ. ಅಲ್ಲೇ ಮನಸ್ಸು ನಿಂತುಬಿಟ್ಟಿತು. ಯಾವುದಕ್ಕೂ ಇರಲಿ ಎಂದು ಮೂರು ಜಾತಿಯ ಕಲ್ಲಿನ ತುಂಡುಗಳನ್ನು ಕೇಳಿ ತಂದಿದ್ದೇನೆ.

ಆಗಸ್ಟ್ 19, ಮಂಗಳವಾರ

ನಿನ್ನೆ ಮೂರು ತುಂಡುಗಳ ಮೇಲೂ ಹುಣಸೆಹುಳಿ, ಎಣ್ಣೆಯಲ್ಲಿ ಕಲಸಿದ ಅರಿಶಿನ, ಒಂದೊಂದು ಚಮಚ ಸಾರು ಹಾಕಿ ಕಿಟಕಿಯಲ್ಲಿಟ್ಟು ಆಫೀಸಿಗೆ ಹೋಗಿದ್ದೆ. ಇವತ್ತು ಬೆಳಿಗ್ಗೆ ತೊಳೆದು ನೋಡಿದೆ.

ಗ್ರಾನೈಟಿಗೆ ಏನೂ ಆಗಿಲ್ಲ. ಕ್ವಾರ್ಟ್ಜ್ ಮೇಲೆ ಅರಿಶಿನದ ಸಣ್ಣ ನೆರಳು ಇತ್ತು, ಅಡುಗೆ ಸೋಡಾ ಕಲಸಿ ಹಚ್ಚಿ ಉಜ್ಜಿದರೆ ಹೋಯಿತು. ಆದರೆ ಅದರ ಮೇಲೆ ಕಾದ ತವಾ ಇಟ್ಟರೆ ಹಳದಿ ಗುರುತು ಬೀಳುತ್ತದೆ. ಇರಲಿ, ಕೆಳಗೆ ಬಟ್ಟೆ ಹಾಕಿದರಾಯಿತು.

ಮಾರ್ಬಲ್ಲಿಗೆ ಹುಣಸೆಹುಳಿ ಬಿದ್ದ ಜಾಗದಲ್ಲಿ ಹೊಳಪೇ ಹೋಗಿಬಿಟ್ಟಿದೆ! ಒಂದು ರೂಪಾಯಿಯಗಲದ ಮಂಕು ವೃತ್ತ. ಸೋಡಾ, ಸೋಪು, ನಾರು, ಯಾವುದಕ್ಕೂ ಜಗ್ಗಲಿಲ್ಲ. ಲಕ್ಷ್ಮೀಶರಿಗೆ ಫೋನು ಮಾಡಿ ಕೇಳಿದೆ. "ಅದು ಕಲೆ ಅಲ್ಲ ಮೇಡಂ, ಹುಳಿ ಕಲ್ಲನ್ನೇ ತಿಂದಿರುತ್ತೆ. ಸೀಲರ್ ಹಾಕಿದ್ರೂ ಅಷ್ಟೇ" ಅಂದರು.

ಸೀಲರ್ ಹಾಕಿದರೂ ಅಷ್ಟೇ! ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ನಮ್ಮ ಮನೆಯಲ್ಲಿ ಹುಣಸೆಹುಳಿ ಇಲ್ಲದ ದಿನ ಯಾವುದು? ದೀಪಾವಳಿಯ ಹೊತ್ತಿಗೆ ಮೇಲಿನ ಕಲ್ಲಿಗೆ ಸಿಡುಬು ಎದ್ದ ಮುಖ ಬರುತ್ತದೆ. ಹೇಳಬೇಕಾ? ಕೇಳಿದರೆ ಹೇಳುತ್ತೇನೆ. ಕೇಳಿಲ್ಲವಲ್ಲ.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ಬಿಂದು ಬಾಗಿನ ತಂದುಕೊಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಅಡುಗೆಮನೆಯ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತಳು.

"ಅಕ್ಕ, ಮೂರು ಜನಕ್ಕೆ ಎಷ್ಟು ಬೇಳೆ ಹಾಕ್ಬೇಕು ಅಂತಾನೇ ಗೊತ್ತಾಗ್ತಿಲ್ಲ. ದಿನಾ ಸಾರು ಮಿಕ್ಕೋಗುತ್ತೆ."

ಮೂರು ಜನ ಅಂದರೆ ಗಂಡ, ಹೆಂಡತಿ, ನಮ್ಮತ್ತೆ. ಅತ್ತೆ ಈಗ ಅಲ್ಲೇ ಊಟ ಮಾಡುತ್ತಾರೆ ಎಂದು ನನಗೆ ಚುಚ್ಚಿ ಹೇಳುವ ರೀತಿ ಇದು. ನಾನೇನು ಪೆದ್ದಿಯಲ್ಲ. "ಅಂದಾಜು ನೀನೇ ಕಲ್ತ್ಕೋಬೇಕು" ಅಂದೆ. ಹೂಂ ಅಂದು ಹೋದಳು.

ಕ್ವಾರ್ಟ್ಜ್ ಹೇಳಿದ್ದಾಗಿದೆ. ಪಿತೃಪಕ್ಷ ಶುರುವಾಗುವುದಕ್ಕೆ ಮುಂಚೆ ಕೂರಿಸಿಕೊಡುತ್ತೇನೆ ಎಂದು ಲಕ್ಷ್ಮೀಶ ಮಾತು ಕೊಟ್ಟಿದ್ದಾರೆ. ಅತ್ತೆಗೂ ಹೇಳಿಬಿಟ್ಟೆ, ಈ ಸಲವೂ ಎಡೆ ಕೆಳಗೇ ಎಂದು. "ಕಟ್ಟೆ ಆದ್ರೆ ನಿನ್ನೊಲೇಲೇ ಆಗ್ಲಿ ಬಿಡು" ಅಂದರು. ಆ ಮಾತು ಕೇಳಿ ಎರಡು ಹೋಳಿಗೆ ಜಾಸ್ತಿ ತಿಂದೆ.

ಸೆಪ್ಟೆಂಬರ್ 3, ಬುಧವಾರ

ರಜೆ ಹಾಕಿದ್ದೆ. ಕಡಪ ಕಲ್ಲನ್ನು ಒಡೆದರು. ಒಡೆಯುವ ಮುಂಚೆ ಅರಿಶಿನ ಕುಂಕುಮ ಇಟ್ಟು ಕೈ ಮುಗಿದೆ. ಮುದಿಕಲ್ಲು, ಒಂದೇಟಿಗೆ ಹೋಗುತ್ತದೆ ಅಂದುಕೊಂಡರೆ ಸುತ್ತಿಗೆಯವನಿಗೇ ಬೆವರು ಇಳಿಯಿತು. ಕೊನೆಗೆ ಒಲೆ ಇಡುತ್ತಿದ್ದ ಜಾಗದಲ್ಲೇ ಎರಡಾಯಿತು. ಅತ್ತೆ ಒಳಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದರು.

ಸದ್ದಿಗೆ ಬಿಂದು ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. "ಅಯ್ಯೋ, ಆ ಕಲ್ಲನ್ನ ಯಾಕಕ್ಕ ಒಡೆಸಿದ್ರಿ" ಅಂದಳು. ತಾನು ಮಾತ್ರ ಬಿಳಿ ಕಲ್ಲಿನ ಮುಂದೆ ನಿಲ್ಲಬೇಕು, ನಾನು ಬೂದಿ ಬಣ್ಣದ್ದನ್ನೇ ತೊಳೆದುಕೊಂಡಿರಬೇಕು.

ಗ್ಯಾಸ್ ಒಲೆಯನ್ನು ಹಾಲಿನಲ್ಲಿ ನೆಲದ ಮೇಲೆ ಇಟ್ಟುಕೊಂಡಿದ್ದೇನೆ. ಶನಿವಾರದವರೆಗೆ ತಾನೇ.

ಸೆಪ್ಟೆಂಬರ್ 6, ಶನಿವಾರ

ಕಲ್ಲು ಬಂತು. ಬಂದದ್ದೂ ಹೋದದ್ದೂ ಒಂದೇ.

ನಾಲ್ಕು ಜನ ಹೊತ್ತು ತಂದರು. ಮನೆ ಪಕ್ಕದ ಓಣಿಯಲ್ಲಿ ತಿರುಗಿಸಿ ಹಿಂಬಾಗಿಲಿನಿಂದ ತರಬೇಕು, ದೇವರ ಕೋಣೆಯ ಮುಂದೆ ಹಾಯಬಾರದು ಎಂದು ನಾನೇ ಹಟ ಮಾಡಿದ್ದೆ. ತಿರುವಿನಲ್ಲಿ ಒಂದು ತುದಿ ಗೋಡೆಗೆ ತಾಗಿತು, ಅಷ್ಟೇ. ಸಿಂಕಿಗೆ ಎಂದು ತೂತು ಕೊರೆದಿದ್ದ ಕಡೆ, ಮುಂದಿನ ಸಣ್ಣ ಪಟ್ಟಿಯಲ್ಲಿ ಟಪ್ ಎಂದು ಬಿಟ್ಟುಕೊಂಡಿತು. ನನ್ನ ಎದೆಯೇ ಬಿಟ್ಟುಕೊಂಡಿತು ಅನ್ನಬೇಕು.

ಬೇರೆ ಕಲ್ಲು ಬುಧವಾರ ತರಿಸಿಕೊಡುತ್ತೇನೆ ಎಂದು ಲಕ್ಷ್ಮೀಶ ಕೈ ಮುಗಿದರು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು.

"ಯಾವ ಬುಧವಾರ? ನಾಳೆ ಹುಣ್ಣಿಮೆ, ಗ್ರಹಣ ಬೇರೆ. ಆಮೇಲೆ ಪಕ್ಷ. ಹಿರೇರು ಬರೋ ಹೊತ್ತಲ್ಲಿ ಯಾರಾದ್ರೂ ಹೊಸ ಒಲೆ ಕೂರಿಸ್ತಾರೇನೆ?"

"ಅತ್ತೆ, ಬರೀ ಕಲ್ಲು ಇಡೋದಲ್ವಾ..."

"ಒಲೆ ಕೆಡವ್ಕೊಂಡು ಕೂತಿದೀಯ. ಅಮಾಸೆ ಕಳಿಯೋಗಂಟ ಒಂದು ಇಟ್ಟಿಗೆ ಮುಟ್ಟಂಗಿಲ್ಲ."

ಬೇರೆ ಯಾರಾದರೂ ಹೇಳಿದ್ದರೆ ಜಗಳ ಆಡುತ್ತಿದ್ದೆ. ಮಾವನ ವಿಷಯದಲ್ಲಿ ಅತ್ತೆಯ ಮಾತು ಮೀರುವುದಕ್ಕೆ ನನಗೂ ಧೈರ್ಯವಿಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ನನ್ನ ತಲೆಗೇ ಬರುತ್ತದೆ. ಅಂದರೆ ಹಬ್ಬಕ್ಕೆ ನನಗೆ ಕಟ್ಟೆಯೇ ಇಲ್ಲ. ನಾನೇ ಒಡೆಸಿ ನಾನೇ ಜಾಗ ಬಿಟ್ಟುಕೊಟ್ಟ ಹಾಗಾಯಿತು.

ಸೆಪ್ಟೆಂಬರ್ 9, ಮಂಗಳವಾರ

ಸೊಂಟ ನೋವು. ಬಗ್ಗಿ ಮುದ್ದೆ ತಿರುವುವುದು ಎಂದರೆ ಏನು ಎಂದು ಇವರಿಗೆ ಹೇಗೆ ಗೊತ್ತಾಗಬೇಕು. ಬಿಂದು ಬಂದು "ಮೇಲೆ ಬನ್ನಿ ಅಕ್ಕ, ಒಟ್ಟಿಗೆ ಮಾಡ್ಕೊಳ್ಳೋಣ" ಅಂದಳು. ಬೇಡ ಅಂದೆ.

ಸೆಪ್ಟೆಂಬರ್ 13, ಶನಿವಾರ

ತೀರ್ಮಾನ ಆಯಿತು. ಎಡೆ ಮಹಡಿಯಲ್ಲಿ. ಅಡುಗೆ ಬಿಂದುವಿನದು. ಸಹಾಯಕ್ಕೆ ಅವಳ ತಂಗಿ ಲಾಸ್ಯಾ ಬರುತ್ತಾಳಂತೆ, ಚಾಮರಾಜಪೇಟೆಯಿಂದ. ಫೋನಿನಲ್ಲಿ ವಿಡಿಯೋ ನೋಡಿ ಬಿರಿಯಾನಿ ಮಾಡುವ ಹುಡುಗಿ ನಮ್ಮ ಮಾವನ ನಾಟಿ ಕೋಳಿ ಸಾರಿಗೆ ಕೈ ಹಾಕುತ್ತಾಳೆ.

ಮಾವನಿಗೆ ಮಸಾಲೆ ಹೇಗಿರಬೇಕು ಎಂದು ಇವರಿಗೆಲ್ಲ ಏನು ಗೊತ್ತು? ಕೊತ್ತಂಬರಿ ಬೀಜವನ್ನು ಕಪ್ಪಾಗುವುದಕ್ಕೆ ಒಂದು ಕ್ಷಣ ಮುಂಚೆ ಇಳಿಸಬೇಕು. ಚಕ್ಕೆ ಜಾಸ್ತಿಯಾದರೆ ತಟ್ಟೆ ದೂಡುತ್ತಿದ್ದರು. ಡ್ಯೂಟಿಯಿಂದ ಬಂದು, ಖಾಕಿ ಶರ್ಟು ಬಿಚ್ಚುವ ಮುಂಚೆಯೇ ಬಾಗಿಲಲ್ಲಿ ನಿಂತು "ಏನವ್ವ ಸೊಸೆ, ಘಮ ಅಂತೈತೆ" ಅನ್ನುತ್ತಿದ್ದರು. ನನ್ನನ್ನು ಹಾಗೆ ಕೇಳಿದವರು ಈ ಮನೆಯಲ್ಲಿ ಅವರೊಬ್ಬರೇ. ಈ ಸಲ ಅವರು ಬಂದು ಯಾರ ಕೈ ಅಡುಗೆ ತಿಂದು ಹೋಗುತ್ತಾರೋ.

ಅತ್ತೆ ನನ್ನನ್ನು ನೀನೂ ಬಾ ಎಂದು ಕೂಡ ಕರೆಯಲಿಲ್ಲ. "ನಿಂಗೆ ಸೊಂಟ ಬೇರೆ ನೋವು, ಸುಮ್ನೆ ಕೂತ್ಕೋ" ಅಂದರು. ಸಿಟ್ಟಿಗೆ ಅಳು ಬಂತು, ಬಚ್ಚಲಿಗೆ ಹೋಗಿ ಅತ್ತು ಬಂದೆ.

ಸೆಪ್ಟೆಂಬರ್ 20, ಶನಿವಾರ

ಹಿತ್ತಾಳೆ ದೀಪ, ಚೊಂಬು, ತಟ್ಟೆ ಎಲ್ಲ ಇರುವುದು ನನ್ನ ಬೀರುವಿನಲ್ಲಿ. ಸಂಜೆ ಬುಟ್ಟಿಗೆ ತುಂಬಿಕೊಂಡು ಮೇಲೆ ಹೋಗಿ, ಅತ್ತೆಯ ಕೈಗೆ ಕೊಟ್ಟು ಮಾವನ ಫೋಟೋ ತರಲು ಕೆಳಗೆ ಬಂದೆ. ಫೋಟೋ ಇಟ್ಟು ತಕ್ಷಣ ವಾಪಸ್ ಬಂದುಬಿಡುವುದು ಎಂದು ಲೆಕ್ಕ.

ಮತ್ತೆ ಮೇಲೆ ಹೋದಾಗ ಬಿಂದು ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತೆ ಒಬ್ಬರೇ. ಬಟ್ಟಲಿನಲ್ಲಿ ಹುಣಸೆಹಣ್ಣು ನೆನೆಸಿಟ್ಟುಕೊಂಡಿದ್ದರು. ಚೊಂಬನ್ನು ಆ ಬಿಳಿ ಕಲ್ಲಿನ ಮೇಲೆ ಇಟ್ಟುಕೊಂಡು, ಕೈತುಂಬ ಹುಣಸೆ ಹಿಂಡಿ, ಇನ್ನೇನು ಉಜ್ಜಬೇಕು. ಕಡಪ ಕಲ್ಲಿನ ಮೇಲೆ ಪ್ರತಿ ಹಬ್ಬಕ್ಕೂ ಹೀಗೇ ತಿಕ್ಕಿದವರು.

ನಾನು ಬಾಗಿಲಲ್ಲಿ ನಿಂತಿದ್ದೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಮಾಡುತ್ತಿರುವವರು ಅತ್ತೆ, ಯಾರೂ ನನ್ನ ಕಡೆ ಬೊಟ್ಟು ಮಾಡುವಂತಿಲ್ಲ. ನಾಳೆ ಇಡೀ ಬಳಗ ಬರುತ್ತದೆ, ಸವರುವುದಕ್ಕೆ ಬಂದವರು ನೋಡಲಿ. ಒಂದು ಕ್ಷಣ ಸುಮ್ಮನೆ ನಿಂತೆ. ನಿಂತೆ ಅಂತಲೇ ಬರೆಯುತ್ತೇನೆ, ಇದರಲ್ಲಿ ಯಾರಿಗೆ ಹೆದರಬೇಕು?

ಆಮೇಲೆ ಹೋಗಿ ಬಟ್ಟಲು ಕಿತ್ತುಕೊಂಡೆ. "ಅತ್ತೆ, ಇಲ್ಲಿ ಬೇಡ! ಹುಳಿ ಬಿದ್ರೆ ಈ ಕಲ್ಲು ಸತ್ತೋಗುತ್ತೆ!"

"ಕಲ್ಲಿಗೆ ಯಾವ ಜೀವ ಐತೆ ಸಾಯಾಕೆ?" ಎಂದು ಅತ್ತೆ ಕಣ್ಣು ಬಿಟ್ಟರು.

ಅಷ್ಟರಲ್ಲಿ ನಾಲ್ಕು ಹನಿ ಬಿದ್ದೇಬಿಟ್ಟಿತ್ತು. ಬಟ್ಟೆ ಹುಡುಕುವಷ್ಟು ಹೊತ್ತಿಲ್ಲ, ಸೆರಗಿನಿಂದಲೇ ಒರೆಸಿದೆ, ನೀರು ಹಾಕಿ ಮತ್ತೆ ಒರೆಸಿದೆ. ಬಗ್ಗಿ ಬೆಳಕಿಗೆ ನೋಡಿದೆ. ಏನೂ ಆಗಿರಲಿಲ್ಲ. ಹಿರಿಯರ ಹಬ್ಬದ ಹಿಂದಿನ ದಿನ ಮನೆಯಲ್ಲಿ ರಂಪ ಆಗಬಾರದು ಎಂದು ಮಾಡಿದ್ದು, ಬೇರೇನಿಲ್ಲ.

ತಿರುಗಿ ನೋಡಿದರೆ ಬಿಂದು ಬಟ್ಟೆಯ ರಾಶಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಎಷ್ಟು ಹೊತ್ತಿನಿಂದಲೋ ಗೊತ್ತಿಲ್ಲ. ಅತ್ತೆ ಗೊಣಗಿಕೊಂಡು ಚೊಂಬು ಎತ್ತಿಕೊಂಡು ತಾರಸಿಯ ನಲ್ಲಿಗೆ ಹೋದರು. ಬಿಂದು ಬಟ್ಟೆ ಕೆಳಗಿಟ್ಟು, ಮೂಲೆಯ ಬೆತ್ತದ ತಟ್ಟೆಯನ್ನು ಗಿಡದ ಸಮೇತ ಪಕ್ಕಕ್ಕೆ ಸರಿಸಿದಳು. ಕೆಳಗೆ ಅಂಗೈಯಗಲದ ಮಂಕು ಗುರುತು.

"ಹಾಲು ಉಕ್ಸಿದ ಮಾರ್ನೇ ದಿನಾನೇ ಅಕ್ಕ. ಹುಳಿಸಾರು ಚೆಲ್ತು. ಅನಿಗೂ ಹೇಳಿಲ್ಲ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀವು ನಗ್ತೀರಲ್ಲ ಅಂತ."

ನಗುತ್ತಿದ್ದೆ, ನಿಜ. ವಾರಗಟ್ಟಲೆ ನಗುತ್ತಿದ್ದೆ. ಇವತ್ತು ಯಾಕೋ ನಗು ಬರಲಿಲ್ಲ, ಮಧ್ಯಾಹ್ನ ಸರಿಯಾಗಿ ಊಟ ಮಾಡಿರಲಿಲ್ಲ. "ಪಾಲಿಶ್ ಪುಡಿ ಅಂತ ಬರುತ್ತೆ, ಒದ್ದೆ ಬಟ್ಟೇಲಿ ಹಾಕಿ ತಿಕ್ಕಿದ್ರೆ ಸುಮಾರಾಗಿ ಹೋಗುತ್ತೆ. ಲಕ್ಷ್ಮೀಶ ಅವ್ರನ್ನ ಕೇಳ್ತೀನಿ" ಅಂದೆ.

ಆಗ ಅವಳು, "ನಾಳೆ ಲಾಸ್ಯಾಗೆ ಬರ್ಬೇಡ ಅಂತ ಹೇಳ್ಲಾ? ಮಾವಂಗೆ ಸಾರು ನೀವೇ ಮಾಡ್ಬೇಕು ಅಕ್ಕ. ನಂಗೆ ಹೆದ್ರಿಕೆ ಆಗ್ತಿದೆ" ಅಂದಳು.

ಹೇಳು ಅಂದೆ.

ಸೆಪ್ಟೆಂಬರ್ 21, ಭಾನುವಾರ

ಇವರು ಇನ್ನೂ ಕತ್ತಲಿರುವಾಗಲೇ ಕೋಳಿ ಅಂಗಡಿಯ ಮುಂದೆ ಸಾಲು ನಿಂತು ಬಂದರು. ಮಸಾಲೆ ನಾನು ಹುರಿದೆ, ಅವಳು ರುಬ್ಬಿದಳು. ಮಾತೇ ಆಡಬೇಕಾಗುತ್ತಿರಲಿಲ್ಲ, ಕೈ ಚಾಚಿದರೆ ಬೇಕಾದದ್ದು ಕೈಗೆ ಬರುತ್ತಿತ್ತು. ಕಲ್ಲಿನ ಮೇಲೆ ಪೂರ್ತಿ ಹಳೆಯ ಪೇಪರು ಹಾಸಿ, ಅದರ ಮೇಲೆ ಹಲಗೆಗಳನ್ನು ಇಟ್ಟುಕೊಂಡಿದ್ದೆವು. ಬಂದವರಿಗೆ ಸವರುವುದಕ್ಕೆ ಒಂದು ಇಂಚು ಬಿಳಿಯೂ ಸಿಗಲಿಲ್ಲ.

ಮಾವನ ಫೋಟೋದ ಮುಂದೆ ಎಲೆ ಹಾಕಿ ಮುದ್ದೆ, ಸಾರು, ವಡೆ, ಕಜ್ಜಾಯ ಬಡಿಸಿದೆವು. ಹೊಸ ಪಂಚೆ, ಒಂದು ಕಟ್ಟು ಬೀಡಿ, ಅನಿರುದ್ಧ ತಂದ ಪುಟ್ಟ ಬಾಟಲಿ. ಎಡೆಯನ್ನು ನಾನೇ ಇಟ್ಟೆ. ಹಿರಿಯರು ಬಂದು ತಿನ್ನಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದೆವು. ನಾನೂ ಬಿಂದುವೂ ಒಂದೇ ಮೆಟ್ಟಿಲ ಮೇಲೆ ಕೂತಿದ್ದೆವು. ಅವಳ ಸೀರೆಯಿಂದಲೂ ನನ್ನ ಸೀರೆಯಿಂದಲೂ ಒಂದೇ ಒಗ್ಗರಣೆಯ ವಾಸನೆ.

"ಉಪ್ಪು ಸರಿಯಾಗಿದ್ಯಾ ಅಕ್ಕ?" ಎಂದು ಪಿಸುಗುಟ್ಟಿದಳು.

"ಮಾವ ನೋಡ್ತಿದಾರೆ, ಸುಮ್ನಿರು" ಅಂದೆ. ಕಿಸಕ್ಕೆಂದಳು, ಅತ್ತೆ ಗದರಿದರು.

ಬಾಗಿಲು ತೆಗೆದು ಅತ್ತೆ ಎಲೆಯನ್ನು ಬಗ್ಗಿ ನೋಡಿದರು. "ಮುದ್ದೆ ಅಲುಗಾಡೈತೆ, ತಿಂದವ್ರೆ" ಎಂದು ಕಣ್ಣೊರೆಸಿಕೊಂಡರು. ಪ್ರತಿ ವರ್ಷವೂ ಅದೇ ಮಾತು, ಪ್ರತಿ ವರ್ಷವೂ ನಾನೂ ಬಗ್ಗಿ ನೋಡುತ್ತೇನೆ.

ಊಟಕ್ಕೆ ಕೂತಾಗ ಅತ್ತೆಯ ತಂಗಿ "ಬಿಂದು ಮನೆ ಸಾರು ಭಾರಿ ಚೆನ್ನಾಗೈತೆ" ಅಂದರು. ಬಿಂದು ಮನೆ ಸಾರಂತೆ! ಬಡಿಸುತ್ತಿದ್ದ ಸೌಟು ಕೈಯಲ್ಲೇ ನಿಂತಿತು. "ಅಕ್ಕನ ಕೈದು ಚಿಕ್ಕತ್ತೆ, ನಾನ್ ಬರೀ ರುಬ್ದೋಳು" ಎಂದು ಬಿಂದು ಅಲ್ಲಿಂದಲೇ ಕೂಗಿದಳು. ಆದರೂ ಮೊದಲು ಆ ಮುದುಕಿಯ ಬಾಯಿಂದ ಬಂದದ್ದು ಬಿಂದು ಮನೆ ಎಂದೇ. ಮರೆಯುವವಳಲ್ಲ ನಾನು.

ಸೆಪ್ಟೆಂಬರ್ 27, ಶನಿವಾರ

ಬರೆಯುವುದಕ್ಕೆ ಹೊತ್ತೇ ಸಿಗಲಿಲ್ಲ. ನೆಲದ ಮೇಲೆ ಸೊಂಟ ಬಗ್ಗುವುದಿಲ್ಲವಲ್ಲ, ಅದಕ್ಕೆ ಮೇಲೆ ಹೋಗಿ ಮಾಡಿಕೊಂಡು ಬರುತ್ತಿದ್ದೇನೆ. ಕಲ್ಲು ಬರುವವರೆಗೆ ಅಷ್ಟೇ.

ಪಾಲಿಶ್ ಪುಡಿ ತಂದು ಇಬ್ಬರೂ ಕೂತು ತಿಕ್ಕಿದೆವು. ಪೂರ್ತಿ ಹೋಗಲಿಲ್ಲ, ಓರೆಯಾಗಿ ನೋಡಿದರೆ ಕಾಣುತ್ತದೆ. ಯಾರು ಓರೆಯಾಗಿ ನೋಡುತ್ತಾರೆ? ಅಂದಹಾಗೆ ಇವರು ಇವತ್ತು ಮಹಡಿಯಲ್ಲಿ ನಮ್ಮ ಕಟ್ಟೆಯ ಮೇಲೆ ನಿಂಬೆಹಣ್ಣು ಕೊಯ್ದು ಅಲ್ಲೇ ಬಿಟ್ಟಿದ್ದರು. ಸರಿಯಾಗಿ ಬೈದೆ. ಮೈದುನನಿಗೂ ಸೇರಿಸಿ ಬೈದೆ.

ಅಕ್ಟೋಬರ್ 5, ಭಾನುವಾರ

ಇವತ್ತು ನನ್ನ ಕಲ್ಲು ಬಂತು, ಈ ಸಲ ಮುಂಬಾಗಿಲಿನಿಂದಲೇ. ಒಂದು ಗೀರೂ ಇಲ್ಲದೆ ಬಂತು.

ಬಂದಿದೆ ಎಂದು ಹೇಳೋಣ, ಬಂದು ನೋಡಲಿ ಎಂದು ಮೇಲೆ ಹೋದೆ. ಹೋದರೆ ಅಲ್ಲಿ ಲಾಸ್ಯಾ! ಒಲೆಯ ಎಡಕ್ಕೆ, ನಾನು ನಿಲ್ಲುವ ಜಾಗದಲ್ಲಿ ನಿಂತು, ನಾನು ಹೆಚ್ಚುವ ಹಲಗೆಯ ಮೇಲೆ ಹುರುಳಿಕಾಯಿ ಹೆಚ್ಚುತ್ತಿದ್ದಾಳೆ. ಒಂದೊಂದು ತುಂಡೂ ಒಂದೊಂದು ಅಳತೆ. ಏನೋ ಹೇಳಿದಳು, ಬಿಂದು ಗೋಡೆ ಹಿಡಿದುಕೊಂಡು ನಕ್ಕಳು. ನನ್ನ ಜೊತೆ ಅವಳು ಯಾವತ್ತು ಹಾಗೆ ನಕ್ಕಿದ್ದಾಳೆ? "ಬನ್ನಿ ಅಕ್ಕ, ಲಾಸ್ಯಾ ಬಂದಿದಾಳೆ" ಅಂದಳು, ನನಗೆ ಕಣ್ಣು ಕಾಣುವುದಿಲ್ಲ ಅನ್ನುವ ಹಾಗೆ. "ಕೆಲಸ ಇದೆ" ಎಂದು ಇಳಿದು ಬಂದೆ.

"ಈಗ್ಲೇ ಕೂರ್ಸಿ" ಎಂದು ಕಲ್ಲು ತಂದವರಿಗೆ ಅಂದೆ. ಮಧ್ಯಾಹ್ನದೊಳಗೆ ಕೂರಿಸಿದರು. ಅಂಚಿಗೆ ಅಂಟು ತುಂಬಿ, "ನಾಳೆ ಬೆಳಿಗ್ಗೆ ಒಲೆ ಇಟ್ಕೊಳ್ಳಿ ಮೇಡಂ" ಎಂದು ಹೋದರು. ಅಡುಗೆಮನೆ ಬೆಳ್ಳಗೆ ಝಗಝಗ ಅನ್ನುತ್ತಿದೆ. ಇವರು ಬಂದು ಸವರಿದರು ಕೂಡ. ಅದರ ಮುಂದೆ ಒಬ್ಬಳೇ ನಿಂತೆ, ಎಡಗಡೆ ಜಾಗ ತುಂಬ ಉಳಿದಿತ್ತು. ಕಲ್ಲು ಅಳತೆಗಿಂತ ಉದ್ದ ಕೊಟ್ಟಿದ್ದಾರೋ ಏನೋ.

ಸಂಜೆ ಲಾಸ್ಯಾ ಹೋದ ಮೇಲೆ ಬಿಂದು ಇಳಿದು ಬಂದಳು. ಕಲ್ಲಿನ ಮೇಲೆ ಮೆಲ್ಲಗೆ ಕೈಯಾಡಿಸಿದಳು.

"ತುಂಬ ಚೆನ್ನಾಗಿದೆ ಅಕ್ಕ. ನಮ್ಮದಕ್ಕಿಂತ ಬಿಳಿ."

ಈ ಮಾತಿಗೆ ನಾನು ಎಷ್ಟು ಕಾದಿದ್ದೆ. ಹೂಂ ಅಂದೆ.

ಅವಳು ಕೈ ತೆಗೆಯಲಿಲ್ಲ. "ಅಂದ್ರೆ ಇನ್ನು ನೀವು ಮೇಲೆ ಬರಲ್ವಾ?"

"ಬರ್ದೆ ಏನು? ಇದಿನ್ನೂ ಒಣಗ್ಬೇಕಂತೆ" ಅಂದೆ.

"ಎಷ್ಟು ದಿನ?"

"ಒಂದು ತಿಂಗಳಾದ್ರೂ ಬೇಕಂತೆ. ಕ್ವಾರ್ಟ್ಜ್ ಅಲ್ವಾ."

ಹೇಳಿದ ಮೇಲೆ ನೆನಪಾಯಿತು. ಅವಳ ಕಲ್ಲನ್ನೂ ಇದೇ ಅಂಟು ಹಾಕಿ ಕೂರಿಸಿದ್ದು, ಮರುದಿನವೇ ಅದರ ಮೇಲೆ ಹಾಲು ಉಕ್ಕಿಸಿದ್ದಳು. ಆದರೆ ಅವಳು ಬಗ್ಗಿ ಅಂಚಿನ ಅಂಟನ್ನು ನೋಡಿ, ತಲೆಯಾಡಿಸಿ, "ಹೌದಕ್ಕ, ಕಮ್ಮಿ ಅಂದ್ರೂ ಎರಡು ತಿಂಗಳು ಬೇಕು. ಅವಸರ ಮಾಡ್ಬೇಡಿ" ಅಂದಳು.

ನಂಬಿಬಿಟ್ಟಳು. ಪಾಪ, ಕಲ್ಲಿನ ವಿಷಯ ಅವಳಿಗೆ ಒಂದು ಚೂರೂ ಗೊತ್ತಾಗುವುದಿಲ್ಲ. ನಾಳೆ ಹುಳಿಗೆ ಹುರುಳಿಕಾಯಿ ನಾನೇ ಹೆಚ್ಚುತ್ತೇನೆ ಎಂದು ಹೇಳಿ ಕಳಿಸಿದ್ದೇನೆ.